ಅರ್ಧ ಗ್ರಾಂ ತಾಮ್ರದ ಲೆಕ್ಕ

ಪ್ರಿಂಟೆಡ್ ಸರ್ಕಿಟ್ ಬೋರ್ಡ್, ಅಂದರೆ ಪಿಸಿಬಿ, ವಿದ್ಯುತ್ ಹರಿಯದ ಒಂದು ತೆಳುಹಲಗೆ. ಅದರ ಮೈಗೆ ಅಂಟಿದ ತಾಮ್ರದ ಪಟ್ಟಿಗಳೇ ಸರ್ಕಿಟ್ಟಿನ ತಂತಿಗಳು. ಈ ಪಟ್ಟಿಗಳಿಗೆ ಟ್ರ್ಯಾಕ್ ಎಂದು ಹೆಸರು. ರೆಸಿಸ್ಟರ್, ಕೆಪಾಸಿಟರ್, ಐಸಿಗಳ ಕಾಲುಗಳು ಹಲಗೆಯ ರಂಧ್ರಗಳಲ್ಲಿ ಇಳಿದು, ಪ್ಯಾಡ್ ಎಂಬ ದುಂಡನೆಯ ತಾಮ್ರದ ತುಣುಕುಗಳ ಮೇಲೆ ಬೆಸುಗೆಯಾಗಿ ನಿಲ್ಲುತ್ತವೆ. ಬೋರ್ಡನ್ನು ತಯಾರಿಸುವಾಗ ತಾಮ್ರದ ಗೆರೆಗಳನ್ನು ಹಲಗೆಯ ಮೇಲೆ ಒಂದೊಂದಾಗಿ ಎಳೆಯುವುದಿಲ್ಲ. ಮೊದಲು ಇಡೀ ಹಲಗೆಗೆ ತಾಮ್ರದ ಹಾಳೆ ಹೊದಿಸಿ, ಬೇಕಾದ ಗೆರೆಗಳನ್ನು ಮರೆಮಾಡಿ, ಬೇಡದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುತ್ತಾರೆ. ಈ ಕರಗಿಸುವ ಕೆಲಸವೇ ಎಚಿಂಗ್.

ವಿಯೆನ್ನಾದಲ್ಲಿ 1907ರಲ್ಲಿ ಹುಟ್ಟಿದ ಪಾಲ್ ಐಸ್ಲರ್ 1936ರಲ್ಲಿ ಲಂಡನ್ನಿಗೆ ಬಂದು, ತಂತಿಗಳ ಗೋಜಲಿನ ಬದಲು ಲೋಹದ ತೆಳುಹಾಳೆಯಲ್ಲಿ ಅಚ್ಚಾದ ಸರ್ಕಿಟ್ಟಿನಿಂದ ರೇಡಿಯೊ ಕಟ್ಟಿ ತೋರಿಸಿದ. 1943ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದ. ಮುದ್ರಣಾಲಯದವರು ಲೋಹದ ಬ್ಲಾಕುಗಳನ್ನು ಆಮ್ಲದಲ್ಲಿ ಕೊರೆಯುವ ವಿದ್ಯೆ ಆಗಲೇ ಹಳೆಯದಾಗಿತ್ತು; ಐಸ್ಲರ್ ಅದನ್ನು ಎಲೆಕ್ಟ್ರಾನಿಕ್ಸಿಗೆ ತಂದ. ಇಂದು ಕಾರ್ಖಾನೆಗಳು ಹತ್ತಾರು ಪದರಗಳ ಬೋರ್ಡ್ ಮಾಡುತ್ತವೆ. ಆದರೆ ಒಂದೇ ಪದರದ ಬೋರ್ಡನ್ನು ಮನೆಯಲ್ಲೇ, ಪ್ಲಾಸ್ಟಿಕ್ ತಟ್ಟೆ, ಇಸ್ತ್ರಿಪೆಟ್ಟಿಗೆ ಮತ್ತು ಫೆರಿಕ್ ಕ್ಲೋರೈಡಿನ ನೆರವಿನಿಂದ ಮಾಡಬಹುದು.

ಪುಣೆಯ ಪಶ್ಚಿಮ ಭಾಗದ ಕೋಥರೂಡ ಇಂಥ ಕೆಲಸಕ್ಕೆ ಅನುಕೂಲವಾದ ಬಡಾವಣೆ. ಪೌಡ್ ರಸ್ತೆಯ ಎಂಐಟಿ ಎಂಜಿನಿಯರಿಂಗ್ ಕಾಲೇಜು 1983ರಲ್ಲಿ ಶುರುವಾಯಿತು. ನೆರೆಯ ಕರ್ವೆನಗರದಲ್ಲಿ ಹೆಣ್ಣುಮಕ್ಕಳಿಗೆಂದೇ ಇರುವ ಕಮಿನ್ಸ್ ಎಂಜಿನಿಯರಿಂಗ್ ಕಾಲೇಜು 1991ರದು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಓದಲು ಬಂದವರೂ ಈ ಸುತ್ತಿನ ಹಾಸ್ಟೆಲ್ಲು, ಬಾಡಿಗೆ ಕೋಣೆಗಳಲ್ಲಿದ್ದಾರೆ. ಬೆಂಗಳೂರಿಗೆ ಎಸ್‌.ಪಿ. ರಸ್ತೆ ಹೇಗೋ ಪುಣೆಗೆ ಬುಧವಾರ ಪೇಠೆಯ ತಪಕೀರ ಗಲ್ಲಿ ಹಾಗೆ: ಐಸಿಯಿಂದ ಹಿಡಿದು ತಾಮ್ರದ ಹಲಗೆಯವರೆಗೆ ಬಿಡಿಭಾಗಗಳಿಗೆ ಅದೇ ಪೇಟೆ.

ಹಲಗೆ

ತಾಮ್ರ ಹೊದಿಸಿದ ಹಲಗೆಗೆ ಅಂಗಡಿಯಲ್ಲಿ ಕಾಪರ್ ಕ್ಲ್ಯಾಡ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ ಸಾಮಾನ್ಯ. ಕಂದು ಬಣ್ಣದ್ದು ಕಾಗದ ಮತ್ತು ಫಿನಾಲಿಕ್ ರಾಳದ್ದು. ಕತ್ತರಿಸಲು, ತೂತು ಕೊರೆಯಲು ಸುಲಭ, ಆದರೆ ಬೆಸುಗೆಯ ಬಿಸಿ ಹೆಚ್ಚಾದರೆ ಪ್ಯಾಡ್ ಬೇಗ ಕಿತ್ತು ಬರುತ್ತದೆ. ತಿಳಿಹಸಿರು ಛಾಯೆಯದು ಗಾಜಿನ ಎಳೆ ಮತ್ತು ಎಪಾಕ್ಸಿಯದು. ಎಫ್‌ಆರ್‌-4 ಎಂದು ಕರೆಯುವ ಇದು ಗಟ್ಟಿ, ಬಿಸಿಯನ್ನೂ ತಡೆಯುತ್ತದೆ. ಕಲಿಯುವವರಿಗೆ ಎರಡೂ ಆದೀತು. ಹಲಗೆಯ ದಪ್ಪ ಸಾಮಾನ್ಯವಾಗಿ 1.6 ಮಿಲಿಮೀಟರ್, ತಾಮ್ರದ ದಪ್ಪ 35 ಮೈಕ್ರಾನ್.

35 ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಮೂವತ್ತರಲ್ಲಿ ಒಂದು ಪಾಲಿಗೂ ಸ್ವಲ್ಪ ಹೆಚ್ಚು. 5 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ಪುಟ್ಟ ಬೋರ್ಡಿನ ವಿಸ್ತೀರ್ಣ 20 ಚದರ ಸೆಂಟಿಮೀಟರ್. ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ. ಹಾಗಾಗಿ ಬೋರ್ಡಿನ ಮೇಲಿರುವ ಒಟ್ಟು ತಾಮ್ರ ಸುಮಾರು 0.63 ಗ್ರಾಂ. ಅದರಲ್ಲಿ ಕಾಲು ಭಾಗ ಟ್ರ್ಯಾಕ್, ಪ್ಯಾಡುಗಳಾಗಿ ಉಳಿದರೆ ಕರಗಬೇಕಾದದ್ದು ಹೆಚ್ಚುಕಡಿಮೆ ಅರ್ಧ ಗ್ರಾಂ. ಇಡೀ ಪ್ರಯೋಗ ಈ ಅರ್ಧ ಗ್ರಾಮಿನ ಸುತ್ತ ನಡೆಯುತ್ತದೆ: ಅದನ್ನು ಎಲ್ಲಿಂದ ತೆಗೆಯಬೇಕು, ಹೇಗೆ ತೆಗೆಯಬೇಕು, ತೆಗೆದ ಮೇಲೆ ಎಲ್ಲಿಗೆ ಕಳುಹಿಸಬೇಕು.

ಇಷ್ಟು ತೆಳು ತಾಮ್ರ ವಿದ್ಯುತ್ತನ್ನು ಹೊತ್ತೀತೆ ಎಂಬ ಅನುಮಾನ ಸಹಜ. 1 ಮಿಲಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಟ್ರ್ಯಾಕಿನ ರೋಧ ಸುಮಾರು 0.05 ಓಮ್ ಮಾತ್ರ. ಅದರಲ್ಲಿ 1 ಆಂಪಿಯರ್ ಹರಿದರೂ ನಷ್ಟವಾಗುವುದು ವೋಲ್ಟಿನ ಇಪ್ಪತ್ತರಲ್ಲಿ ಒಂದು ಪಾಲು. ಎಲ್‌ಇಡಿ ಮಿನುಗಿಸುವ ಸರ್ಕಿಟ್ಟಿಗೆ ಅದು ಲೆಕ್ಕಕ್ಕೇ ಬಾರದು.

ನಕ್ಷೆ

ಮೊದಲ ಬೋರ್ಡಿಗೆ 555 ಟೈಮರ್ ಐಸಿಯ ಮಿನುಗುದೀಪ ಒಳ್ಳೆಯ ಆಯ್ಕೆ. ಹಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಸಿಗ್ನೆಟಿಕ್ಸ್ ಕಂಪನಿಗಾಗಿ ರೂಪಿಸಿದ ಈ ಎಂಟು ಕಾಲಿನ ಐಸಿ ಅಗ್ಗ. ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತದೆ. 8 ಮತ್ತು 7ನೆಯ ಕಾಲುಗಳ ನಡುವೆ 1 ಕಿಲೋಓಮ್, 7 ಮತ್ತು 6ರ ನಡುವೆ 68 ಕಿಲೋಓಮ್, 6ರಿಂದ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ ತುದಿಗೆ, 10 ಮೈಕ್ರೋಫ್ಯಾರಡ್ ಕೆಪಾಸಿಟರ್. 2 ಮತ್ತು 6ನೆಯ ಕಾಲುಗಳನ್ನು ಒಂದು ಟ್ರ್ಯಾಕಿನಿಂದಲೂ 4 ಮತ್ತು 8ನ್ನು ಇನ್ನೊಂದರಿಂದಲೂ ಕೂಡಿಸಬೇಕು. 5ನೆಯ ಕಾಲಿನಿಂದ ಗ್ರೌಂಡಿಗೆ 0.01 ಮೈಕ್ರೋಫ್ಯಾರಡ್. 3ನೆಯ ಕಾಲಿನಿಂದ 470 ಓಮ್ ದಾಟಿ ಎಲ್‌ಇಡಿ. 9 ವೋಲ್ಟ್ ಬ್ಯಾಟರಿ ಕೊಟ್ಟರೆ ದೀಪ ಸೆಕೆಂಡಿಗೆ ಸುಮಾರು ಒಂದು ಸಲ ಮಿನುಗುತ್ತದೆ.

ನಕ್ಷೆಯನ್ನು ಕಂಪ್ಯೂಟರಿನಲ್ಲಿ ಕೀಕ್ಯಾಡ್‌ನಂಥ ಉಚಿತ ತಂತ್ರಾಂಶದಿಂದ ಬರೆಯಬಹುದು. ಚೌಕಳಿ ಹಾಳೆಯ ಮೇಲೆ ಪೆನ್ಸಿಲಿನಿಂದಲೂ ಆಗುತ್ತದೆ. ಐಸಿಯ ಕಾಲುಗಳ ನಡುವಿನ ಅಂತರ 2.54 ಮಿಲಿಮೀಟರ್, ಅಂದರೆ ಅಂಗುಲದ ಹತ್ತನೇ ಒಂದು ಪಾಲು. ಟ್ರ್ಯಾಕುಗಳು 1 ಮಿಲಿಮೀಟರ್, ಪ್ಯಾಡುಗಳು 2 ಮಿಲಿಮೀಟರ್ ಇದ್ದರೆ ಮೊದಲ ಸಲದ ಕೈಗೂ ಎಟುಕುತ್ತವೆ. ಐಸಿಯ ಕಾಲುಗಳ ಬಳಿ ಮಾತ್ರ ಪ್ಯಾಡ್ ತುಸು ಕಿರಿದಾಗಿರಬೇಕು. ಒಂದೇ ಪದರದಲ್ಲಿ ಎರಡು ಟ್ರ್ಯಾಕುಗಳು ಒಂದನ್ನೊಂದು ದಾಟಲಾರವು. ದಾಟಲೇಬೇಕಾದಲ್ಲಿ ಭಾಗಗಳ ಬದಿಯಲ್ಲಿ ಒಂದು ತಂತಿಯ ತುಂಡು ಹಾಕಬೇಕು; ಇದಕ್ಕೆ ಜಂಪರ್ ಎನ್ನುತ್ತಾರೆ.

ಖಾಲಿ ಜಾಗವನ್ನೆಲ್ಲ ಗ್ರೌಂಡ್ ತಾಮ್ರವಾಗಿಯೇ ಬಿಡುವುದು ಇನ್ನೊಂದು ಜಾಣತನ. ಆಗ ಮುಕ್ಕಾಲು ಪಾಲು ತಾಮ್ರ ಹಲಗೆಯ ಮೇಲೆಯೇ ಉಳಿಯುತ್ತದೆ, ದ್ರಾವಣ ಕಡಿಮೆ ಖರ್ಚಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ತೀರ ಕಿರಿದಾದ ಸಂದಿನಲ್ಲಿ ತಾಮ್ರ ಪೂರ್ತಿ ಕರಗದೆ ಉಳಿಯಬಹುದಾದ್ದರಿಂದ ಟ್ರ್ಯಾಕ್ ಮತ್ತು ಗ್ರೌಂಡಿನ ನಡುವೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಸಂದು ಬಿಡಬಾರದು.

ನಕ್ಷೆಯನ್ನು ತಾಮ್ರಕ್ಕೆ ಇಳಿಸುವುದು

ಕರಗದೆ ಉಳಿಯಬೇಕಾದ ತಾಮ್ರದ ಮೇಲೆ ದ್ರಾವಣ ಭೇದಿಸದ ಒಂದು ಮುಚ್ಚಳಿಕೆ ಬೇಕು. ಅತಿ ಸರಳವಾದದ್ದು ಸಿಡಿಯ ಮೇಲೆ ಬರೆಯುವ ಪರ್ಮನೆಂಟ್ ಮಾರ್ಕರ್. ನಾಲ್ಕೈದು ಭಾಗಗಳ ಸರ್ಕಿಟ್ಟಿಗೆ ಅದು ಸಾಕು. ಗೆರೆಯನ್ನು ಎರಡು ಸಲ ತಿದ್ದಿ, ನಡುವೆ ಒಣಗಲು ಬಿಡಬೇಕು. ಐಸಿ ಇರುವ ಬೋರ್ಡಿಗೆ ಟೋನರ್ ವಿಧಾನ ಹೆಚ್ಚು ನಂಬಿಕೆಗೆ ಅರ್ಹ.

ಲೇಸರ್ ಪ್ರಿಂಟರ್ ಮತ್ತು ಝೆರಾಕ್ಸ್ ಯಂತ್ರದ ಕಪ್ಪು ಪುಡಿ, ಅಂದರೆ ಟೋನರ್, ಬಹುಮಟ್ಟಿಗೆ ಪ್ಲಾಸ್ಟಿಕ್. ಬಿಸಿಯಾದರೆ ಕರಗಿ ಅಂಟುತ್ತದೆ, ತಣಿದರೆ ಗಟ್ಟಿಯಾಗುತ್ತದೆ. ನಕ್ಷೆಯನ್ನು ಹೊಳಪಿನ ಕಾಗದದ ಮೇಲೆ ಅಚ್ಚು ಹಾಕಿ, ಮುಖ ಕೆಳಗಾಗಿ ತಾಮ್ರದ ಮೇಲಿಟ್ಟು ಇಸ್ತ್ರಿ ಒತ್ತಿದರೆ ಟೋನರ್ ಕಾಗದ ಬಿಟ್ಟು ತಾಮ್ರ ಹಿಡಿಯುತ್ತದೆ. ಇಂಕ್‌ಜೆಟ್ ಪ್ರಿಂಟರಿನ ಶಾಯಿ ನೀರಿನದು. ಈ ಕೆಲಸಕ್ಕೆ ಬಾರದು.

ಇಲ್ಲಿ ಎಡ-ಬಲದ ವಿಚಾರ ಮುಖ್ಯ. ತಂತ್ರಾಂಶ ಕೆಳಪದರದ ಟ್ರ್ಯಾಕುಗಳನ್ನು ಭಾಗಗಳ ಬದಿಯಿಂದ ಹಲಗೆಯ ಮೂಲಕ ನೋಡಿದ ಹಾಗೆ ತೋರಿಸುತ್ತದೆ. ಕಾಗದವನ್ನು ಮಗುಚಿ ಇಡುವಾಗ ಅದು ತಾನಾಗಿಯೇ ಸರಿಯಾಗುತ್ತದೆ. ಆದ್ದರಿಂದ ಕೆಳಪದರವನ್ನು ಕನ್ನಡಿಬಿಂಬ ಮಾಡದೆ ಹಾಗೆಯೇ ಅಚ್ಚು ಹಾಕಬೇಕು. ಕೆಳಪದರದಲ್ಲಿ ಒಂದು ಅಕ್ಷರ ಸೇರಿಸಿಟ್ಟರೆ ಪರೀಕ್ಷೆ ಸುಲಭ: ಅದು ಕಾಗದದಲ್ಲಿ ತಿರುಗುಮುರುಗಾಗಿ, ತಾಮ್ರದ ಮೇಲೆ ನೇರವಾಗಿ ಕಾಣಬೇಕು. ಇದು ತಪ್ಪಿದರೆ 555ರ 1ನೆಯ ಕಾಲಿನ ಜಾಗಕ್ಕೆ 8ನೆಯದು, 8ರ ಜಾಗಕ್ಕೆ 1ನೆಯದು ಬರುತ್ತದೆ. 1 ಗ್ರೌಂಡ್, 8 ಪ್ಲಸ್. ಬ್ಯಾಟರಿ ಜೋಡಿಸಿದ ಕ್ಷಣ ಐಸಿಗೆ ವಿದ್ಯುತ್ ಉಲ್ಟಾ ಸಿಗುತ್ತದೆ.

ತಾಮ್ರ ನಿರ್ಮಲವಾಗಿರಬೇಕು. ನಯವಾದ ಎಮರಿ ಪೇಪರಿನಿಂದ ಉಜ್ಜಿ, ಪಾತ್ರೆ ಸೋಪಿನಿಂದ ತೊಳೆದು, ಒಣಗಿದ ಮೇಲೆ ಅಂಚನ್ನಷ್ಟೇ ಹಿಡಿಯಬೇಕು. ಬೆರಳಿನ ಜಿಡ್ಡು ತಗುಲಿದಲ್ಲಿ ಟೋನರ್ ಕೂರದು. ಬರಿಯ ತಾಮ್ರದ ಮೇಲೆ ಆ ಜಿಡ್ಡಿದ್ದರೆ ದ್ರಾವಣವೂ ಸರಿಯಾಗಿ ತಾಗದು. ಇಸ್ತ್ರಿಪೆಟ್ಟಿಗೆಯನ್ನು ಹತ್ತಿಬಟ್ಟೆಯ ಬಿಸಿಗೆ ತಿರುಗಿಸಿ, ಹಬೆ ಇಲ್ಲದೆ, ಮೂರರಿಂದ ಐದು ನಿಮಿಷ ಒತ್ತಬೇಕು. ಅಂಚು ಮೂಲೆಗಳನ್ನು ಪೆಟ್ಟಿಗೆಯ ತುದಿಯಿಂದ ಮತ್ತೊಮ್ಮೆ ತೀಡಬೇಕು. ಪೂರ್ತಿ ತಣಿದ ಮೇಲೆ ಬೋರ್ಡನ್ನು ನೀರಿನಲ್ಲಿ ನೆನೆಹಾಕಿದರೆ ಕಾಗದ ಮೆತ್ತಗಾಗಿ, ಹೆಬ್ಬೆರಳಿನಿಂದ ಉಜ್ಜಿದಾಗ ಸುರುಳಿಸುರುಳಿಯಾಗಿ ಬಿಡುತ್ತದೆ. ಅವಸರದಲ್ಲಿ ಕಾಗದ ಎಳೆದರೆ ಟ್ರ್ಯಾಕೂ ಅದರ ಜೊತೆ ಬಂದುಬಿಡುತ್ತದೆ. ಹರಿದ ಗೆರೆಗಳನ್ನು ಮಾರ್ಕರಿನಿಂದ ಸೇರಿಸಿ, ಒಂದಕ್ಕೊಂದು ಅಂಟಿದ ಗೆರೆಗಳನ್ನು ಸೂಜಿಯಿಂದ ಕೆರೆದು ಬಿಡಿಸಬೇಕು. ಇಲ್ಲಿ ಹತ್ತು ನಿಮಿಷ ಕಣ್ಣಿಟ್ಟು ತಿದ್ದಿದರೆ ಮುಂದೆ ಬೋರ್ಡ್ ಕೆಡುವುದು ಕಡಿಮೆ.

ದ್ರಾವಣದ ಕೆಲಸ

ಹೈಡ್ರೋಕ್ಲೋರಿಕ್ ಆಮ್ಲ ಸತುವನ್ನೂ ಕಬ್ಬಿಣವನ್ನೂ ಕರಗಿಸುತ್ತದೆ, ಆದರೆ ತಾನೊಂದೇ ಇದ್ದರೆ ತಾಮ್ರವನ್ನು ಕರಗಿಸದು. ತಾಮ್ರ ಕರಗಬೇಕಾದರೆ ಅದರ ಎಲೆಕ್ಟ್ರಾನುಗಳನ್ನು ಕಸಿಯಬಲ್ಲ ಇನ್ನೊಂದು ಪದಾರ್ಥ ಬೇಕು. ಫೆರಿಕ್ ಕ್ಲೋರೈಡಿನಲ್ಲಿರುವ ಕಬ್ಬಿಣದ ಅಯಾನು ಮೂರು ಧನ ವಿದ್ಯುದಂಶ ಹೊತ್ತಿರುತ್ತದೆ. ಅದು ತಾಮ್ರದಿಂದ ಒಂದು ಎಲೆಕ್ಟ್ರಾನ್ ಪಡೆದು ಎರಡು ವಿದ್ಯುದಂಶದ ಫೆರಸ್ ಅಯಾನು ಆಗುತ್ತದೆ. ತಾಮ್ರದ ಒಂದು ಪರಮಾಣು ಎರಡು ಎಲೆಕ್ಟ್ರಾನ್ ಕಳೆದುಕೊಳ್ಳಬೇಕಾದ್ದರಿಂದ ಪ್ರತಿ ಪರಮಾಣುವಿಗೆ ಫೆರಿಕ್ ಕ್ಲೋರೈಡಿನ ಎರಡು ಅಣುಗಳು ಬೇಕು. ಕೊನೆಗೆ ಸಿಗುವುದು ಫೆರಸ್ ಕ್ಲೋರೈಡ್ ಮತ್ತು ತಾಮ್ರದ ಕ್ಲೋರೈಡ್. ಹಲಗೆಯ ರಾಳಕ್ಕಾಗಲಿ ಟೋನರಿನ ಪ್ಲಾಸ್ಟಿಕ್ಕಿಗಾಗಲಿ ಈ ವಿನಿಮಯದಲ್ಲಿ ಪಾತ್ರವಿಲ್ಲ. ಅವು ಹಾಗೆಯೇ ಉಳಿಯುತ್ತವೆ.

ಒಂದನ್ನು ಮುಟ್ಟಿ ಇನ್ನೊಂದನ್ನು ಬಿಡುವ ರಾಸಾಯನಿಕದ ಗುಣವನ್ನು ಬೀದರಿನ ಕುಶಲಕರ್ಮಿಗಳು ಶತಮಾನಗಳಿಂದ ಬಳಸುತ್ತಿದ್ದಾರೆ. ಬಿದರಿ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪ ತಾಮ್ರ. ಅದರಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ಅಮೋನಿಯಂ ಕ್ಲೋರೈಡಿನ ಬಿಸಿ ಮಿಶ್ರಣ ಲೇಪಿಸಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಅಲ್ಲಿ ಆಯ್ಕೆ ಮಾಡುವುದು ಲೋಹದ ಸ್ವಭಾವ. ಪಿಸಿಬಿಯಲ್ಲಿ ಲೋಹ ಒಂದೇ ಆದ್ದರಿಂದ ಆಯ್ಕೆಯನ್ನು ಟೋನರಿನ ಮರೆ ಮಾಡುತ್ತದೆ.

ಅರ್ಧ ಗ್ರಾಂ ತಾಮ್ರ ಕರಗಿಸಲು ಲೆಕ್ಕದ ಪ್ರಕಾರ ಬೇಕಾಗುವುದು ನೀರಿನಂಶವಿರುವ ಹಳದಿ ಗಟ್ಟಿಯ ರೂಪದ ಸುಮಾರು 4 ಗ್ರಾಂ ಫೆರಿಕ್ ಕ್ಲೋರೈಡ್ ಅಷ್ಟೇ. ಆದರೆ ಖರ್ಚಾಗುತ್ತ ಬಂದಂತೆ ದ್ರಾವಣ ನಿಧಾನವಾಗುವುದರಿಂದ 100 ಮಿಲಿಲೀಟರ್ ನೀರಿಗೆ 50 ಗ್ರಾಂ ಹಾಕುವುದು ಸರಿಯಾದ ಅಳತೆ. ಅಷ್ಟು ದ್ರಾವಣ ಇಂಥ ಹಲವು ಬೋರ್ಡುಗಳಿಗೆ ಬರುತ್ತದೆ.

ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಕರಗುವಾಗ ದ್ರಾವಣ ಬಿಸಿಯಾಗುತ್ತದೆ. ನೀರಿನಂಶವಿಲ್ಲದ ಕಪ್ಪು ಪುಡಿಯಾದರೆ ಬಿಸಿ ಇನ್ನೂ ಜೋರು, ಆಮ್ಲದ ಹೊಗೆಯೂ ಬರುತ್ತದೆ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ ಅಥವಾ ಬಾಲ್ಕನಿ ಬೇಕೇ ಬೇಕು. ಪಾತ್ರೆ ಪ್ಲಾಸ್ಟಿಕ್ ಅಥವಾ ಗಾಜಿನದೇ ಆಗಿರಬೇಕು. ಈ ದ್ರಾವಣ ಸ್ಟೀಲನ್ನೂ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನಂತೂ ರಭಸವಾಗಿ ತಿನ್ನುತ್ತದೆ. ಒಮ್ಮೆ ಇದಕ್ಕೆ ಬಳಸಿದ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು. ಬಟ್ಟೆಗೂ ಮೊಸಾಯಿಕ್ ನೆಲಕ್ಕೂ ಬಿದ್ದ ಕಂದು ಕಲೆ ಹೋಗುವುದು ಕಷ್ಟ. ಮಕ್ಕಳು ಮಾಡುವುದಾದರೆ ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು.

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಫೆರಿಕ್ ಕ್ಲೋರೈಡ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಪುಣೆಯ ಜುಲೈ–ಆಗಸ್ಟ್ ಮಳೆಯಲ್ಲಿ ಬಾಯಿ ಬಿಗಿಯದ ಪೊಟ್ಟಣ ಒದ್ದೆಮುದ್ದೆಯಾಗುತ್ತದೆ. ಡಿಸೆಂಬರ್–ಜನವರಿಯಲ್ಲಿ ರಾತ್ರಿಯ ಉಷ್ಣಾಂಶ 10–12 ಡಿಗ್ರಿಗೆ ಇಳಿಯುವುದುಂಟು. ಆ ತಂಪಿನಲ್ಲಿ ಒಂದು ಗಂಟೆಯಾದರೂ ಮುಗಿಯದ ಕೆಲಸ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹತ್ತಿಪ್ಪತ್ತು ನಿಮಿಷದಲ್ಲಿ ಆಗುತ್ತದೆ. ದ್ರಾವಣದ ತಟ್ಟೆಯನ್ನು ಬಿಸಿನೀರಿನ ದೊಡ್ಡ ಟಬ್ಬಿನಲ್ಲಿ ತೇಲಿಸಿಡುವುದು ಸುರಕ್ಷಿತ ಉಪಾಯ. ಒಲೆಯ ಮೇಲೋ ಮೈಕ್ರೋವೇವಿನಲ್ಲೋ ಕಾಯಿಸುವ ಮಾತೇ ಬೇಡ.

ಎಚಿಂಗ್ ನಡೆಯುವಾಗ

ಬೋರ್ಡನ್ನು ತಾಮ್ರದ ಮುಖ ಕೆಳಗಾಗಿ ತೇಲಿಸಿದರೆ ಕರಗಿದ ತಾಮ್ರವಿರುವ ಭಾರದ ದ್ರಾವಣ ಕೆಳಗಿಳಿದು ಹೊಸ ದ್ರಾವಣಕ್ಕೆ ಜಾಗ ಬಿಡುತ್ತದೆ. ಮುಖ ಮೇಲಾಗಿ ಇಟ್ಟರೆ ತಟ್ಟೆಯನ್ನು ಮೆಲ್ಲಗೆ ತೂಗುತ್ತಿರಬೇಕು. ದ್ರಾವಣ ಕಡುಕಂದು, ಒಳಗೇನಾಗುತ್ತಿದೆ ಎಂಬುದು ಕಾಣದು. ಎರಡು ಮೂರು ನಿಮಿಷಕ್ಕೊಮ್ಮೆ ಪ್ಲಾಸ್ಟಿಕ್ ಚಿಮುಟದಿಂದ ಎತ್ತಿ ನೋಡಬೇಕು. ಮೊದಲು ತಾಮ್ರದ ಹೊಳಪು ಹೋಗಿ ಮಂಕು ಗುಲಾಬಿ ಬಣ್ಣ ಬರುತ್ತದೆ. ಆಮೇಲೆ ಬೋರ್ಡಿನ ಅಂಚುಗಳಲ್ಲಿ, ಟ್ರ್ಯಾಕುಗಳ ಪಕ್ಕದಲ್ಲಿ ಹಲಗೆಯ ಮೈ ಕಾಣಿಸತೊಡಗುತ್ತದೆ. ನಡುವಿನ ತಾಮ್ರ ಕುಗ್ಗುತ್ತ ಕುಗ್ಗುತ್ತ ದ್ವೀಪಗಳಾಗಿ ಕೊನೆಗೆ ಮಾಯವಾಗುತ್ತದೆ. ಎಫ್‌ಆರ್‌-4 ಹಲಗೆಯನ್ನು ತೊಳೆದು ಬೆಳಕಿಗೆ ಹಿಡಿದರೆ ಬೆಳಕು ತೂರಿ ಬರುತ್ತದೆ. ಕರಗದೆ ಉಳಿದ ತಾಮ್ರ ಕಪ್ಪು ಮಚ್ಚೆಯಾಗಿ ಎದ್ದು ಕಾಣುತ್ತದೆ.

ಹಾಗೆಂದು ಬೋರ್ಡನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಡಬಾರದು. ದ್ರಾವಣ ಕೆಳಮುಖವಾಗಿ ತಿನ್ನುವಂತೆಯೇ ಪಕ್ಕಕ್ಕೂ ತಿನ್ನುತ್ತದೆ. 35 ಮೈಕ್ರಾನ್ ಆಳಕ್ಕೆ ಇಳಿಯುವಷ್ಟರಲ್ಲಿ ಟೋನರಿನ ಅಡಿಯಲ್ಲೂ ಎರಡು ಬದಿಗೆ ಹೆಚ್ಚುಕಡಿಮೆ ಅಷ್ಟೇ ನುಗ್ಗಿರುತ್ತದೆ. 1 ಮಿಲಿಮೀಟರ್ ಟ್ರ್ಯಾಕಿಗೆ ಇದರಿಂದ ಏನೂ ಆಗದು. ಕಾಲು ಮಿಲಿಮೀಟರ್ ಟ್ರ್ಯಾಕ್ ನಾಲ್ಕನೇ ಒಂದು ಭಾಗವನ್ನೇ ಕಳೆದುಕೊಳ್ಳಬಹುದು, ಹೊತ್ತು ಮೀರಿದರೆ ತುಂಡಾಗಬಹುದು. ಕಲಿಯುವವರು ದಪ್ಪ ಗೆರೆಗಳನ್ನೇ ನೆಚ್ಚಬೇಕೆನ್ನುವುದು ಇದಕ್ಕೇ.

ರಂಧ್ರ, ಬೆಸುಗೆ, ಪರೀಕ್ಷೆ

ಎಚಿಂಗ್ ಮುಗಿದ ಬೋರ್ಡನ್ನು ಮೊದಲು ಒಂದು ಬಟ್ಟಲು ನೀರಿನಲ್ಲಿ ಅದ್ದಿ, ಆ ನೀರನ್ನು ಹಳೆಯ ದ್ರಾವಣದ ಜೊತೆಗೇ ಇಡಬೇಕು. ಟೋನರನ್ನು ಅಸಿಟೋನ್ ಅಥವಾ ಥಿನ್ನರ್ ಹಾಕಿದ ಬಟ್ಟೆಯಿಂದ ಒರೆಸಿದರೆ ತಾಮ್ರ ಹೊಳೆಯುತ್ತದೆ. ಐಸಿ, ರೆಸಿಸ್ಟರಿನ ಕಾಲುಗಳಿಗೆ 0.8 ಮಿಲಿಮೀಟರ್, ಡಯೋಡ್, ಕನೆಕ್ಟರ್‌ಗಳಿಗೆ 1 ಮಿಲಿಮೀಟರ್ ಡ್ರಿಲ್ ಬಿಟ್ ಸಾಕು. ಪ್ಯಾಡಿನ ನಡುವೆ ನಕ್ಷೆಯಲ್ಲೇ ಒಂದು ಬಿಳಿ ಚುಕ್ಕೆ ಬಿಟ್ಟಿದ್ದರೆ ಅಲ್ಲಿನ ತಾಮ್ರವೂ ಕರಗಿ ಸಣ್ಣ ಗುಳಿಯಾಗಿರುತ್ತದೆ. ಡ್ರಿಲ್ಲಿನ ಮೊನೆ ಜಾರದೆ ಅಲ್ಲಿಯೇ ನಿಲ್ಲುತ್ತದೆ. ಎಫ್‌ಆರ್‌-4 ಕೊರೆಯುವಾಗ ಏಳುವ ಪುಡಿಯಲ್ಲಿ ಗಾಜಿನ ಎಳೆಗಳಿರುವುದರಿಂದ ಮುಖಕ್ಕೆ ಮಾಸ್ಕ್ ಕಟ್ಟಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು.

ಭಾಗಗಳನ್ನು ಕೂರಿಸುವ ಮುಂಚೆ ಮಲ್ಟಿಮೀಟರನ್ನು ಕಂಟಿನ್ಯುಟಿಗೆ ತಿರುಗಿಸಿ, ಕೂಡಿರಬೇಕಾದ ಪ್ಯಾಡುಗಳು ಕೂಡಿವೆಯೇ, ಬೇರೆಯಿರಬೇಕಾದವು ಬೇರೆಯೇ ಎಂದು ನೋಡಬೇಕು. ಪ್ಲಸ್ ಮತ್ತು ಗ್ರೌಂಡಿನ ನಡುವೆ ಬೀಪ್ ಬಂದರೆ ಎಲ್ಲೋ ತಾಮ್ರದ ಕೂದಲೆಳೆ ಉಳಿದಿದೆ ಎಂದರ್ಥ. ಬ್ಲೇಡಿನಿಂದ ಕೆರೆದರೆ ಹೋಗುತ್ತದೆ. ಬೆಸುಗೆಯನ್ನು ಗಿಡ್ಡ ಭಾಗಗಳಿಂದ ಶುರು ಮಾಡುವುದು ಲೇಸು: ಜಂಪರ್, ರೆಸಿಸ್ಟರ್, ಐಸಿ ಸಾಕೆಟ್, ಕಡೆಗೆ ಕೆಪಾಸಿಟರ್ ಮತ್ತು ಎಲ್‌ಇಡಿ. ಪ್ಯಾಡನ್ನೂ ಕಾಲನ್ನೂ ಒಟ್ಟಿಗೆ ಬಿಸಿ ಮಾಡಿ ಆಮೇಲೆ ಸೋಲ್ಡರ್ ಮುಟ್ಟಿಸಿದರೆ ಅದು ತಾನೇ ಹರಡಿಕೊಳ್ಳುತ್ತದೆ. ಬರಿಯ ತಾಮ್ರ ಗಾಳಿಗೆ ಕಪ್ಪಾಗುವುದರಿಂದ ಕೊನೆಯಲ್ಲಿ ಸ್ಪಿರಿಟ್ಟಿನಲ್ಲಿ ಕರಗಿಸಿದ ರಾಳವನ್ನೋ ಪಾರದರ್ಶಕ ವಾರ್ನಿಷನ್ನೋ ತೆಳ್ಳಗೆ ಬಳಿಯಬೇಕು.

ಉಳಿದ ದ್ರಾವಣ

ಕರಗಿದ ತಾಮ್ರ ಕಣ್ಣಿಗೆ ಕಾಣದಿದ್ದರೂ ಎಲ್ಲಿಗೂ ಹೋಗಿಲ್ಲ; ಆ ಅರ್ಧ ಗ್ರಾಂ ಪೂರ್ತಿಯಾಗಿ ತಟ್ಟೆಯಲ್ಲಿದೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದಲ್ಲಿ ತಾಮ್ರದ ಸ್ವೀಕಾರಾರ್ಹ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ಒಂದು ಪುಟ್ಟ ಬೋರ್ಡಿನಿಂದ ಕರಗಿದ ತಾಮ್ರವೊಂದೇ 10,000 ಲೀಟರ್ ಶುದ್ಧ ನೀರನ್ನು ಆ ಮಿತಿಯವರೆಗೆ ಒಯ್ಯಬಲ್ಲದು. ಮೀನು, ಪಾಚಿ, ಕೊಳಚೆನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳಿಗೆ ತಾಮ್ರ ವಿಷ.

ಕೋಥರೂಡದ ಚರಂಡಿಗಳ ಇಳಿಜಾರು ಮುಠಾ ನದಿಯ ಕಡೆಗೆ. ಮುಠಾ ಪುಣೆಯಲ್ಲೇ ಮುಳೆಯನ್ನು ಕೂಡಿ, ಮುಳಾ-ಮುಠಾ ಆಗಿ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ಕರ್ನಾಟಕಕ್ಕೆ ಬಂದು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು, ದೇವಲ ಗಾಣಗಾಪುರವನ್ನು ಹಾದು, ರಾಯಚೂರಿನ ಬಳಿ ಕೃಷ್ಣೆಯನ್ನು ಕೂಡುತ್ತದೆ. ಕೋಥರೂಡದ ಸಿಂಕಿಗೆ ಸುರಿದ ತಾಮ್ರ ಅಷ್ಟು ದೂರ ಹೋಗದು. ಬಹುಪಾಲು ದಾರಿಯಲ್ಲೇ ಹೂಳಿಗೆ ಅಂಟಿ ಕೂರುತ್ತದೆ. ಆದರೆ ಅದು ಕೊಳೆತು ಇಲ್ಲವಾಗುವ ಪದಾರ್ಥವಲ್ಲ. ಸಾವಿರಾರು ಕೈಗಳಿಂದ ಬಿದ್ದದ್ದು ಸೇರುತ್ತಲೇ ಹೋಗುತ್ತದೆ. ಆದ್ದರಿಂದ ದ್ರಾವಣವನ್ನು ಸಿಂಕಿಗೂ ಶೌಚಾಲಯಕ್ಕೂ ಮಣ್ಣಿಗೂ ಸುರಿಯಕೂಡದು.

ಮೊದಲ ನಿಯಮ, ಮತ್ತೆ ಬಳಸುವುದು. ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ‘ಫೆರಿಕ್ ಕ್ಲೋರೈಡ್, ವಿಷ’ ಎಂದು ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ತಂಪು ಪಾನೀಯದ ಬಾಟಲಿ ಇದಕ್ಕೆ ಸಲ್ಲದು, ಯಾರಾದರೂ ಕುಡಿದಾರು. ಬಿಸಿ ಮಾಡಿದರೂ ಕೆಲಸ ಒಂದು ಗಂಟೆಗೆ ಮೀರಿದಾಗ ಅದರ ಬಲ ತೀರಿತೆಂದು ತಿಳಿಯಬೇಕು.

ಬಲ ತೀರಿದ ದ್ರಾವಣಕ್ಕೆ ನೀರು ಬೆರೆಸಿ, ದೊಡ್ಡ ಬಕೆಟ್ಟಿನಲ್ಲಿ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಹಾಕಿದರೆ ಇಂಗಾಲದ ಡೈಆಕ್ಸೈಡ್ ನೊರೆಯುಕ್ಕುತ್ತದೆ. ನೊರೆ ನಿಂತು, ಪಿಎಚ್ ಕಾಗದ 7–8 ತೋರಿಸುವ ಹೊತ್ತಿಗೆ ಕಬ್ಬಿಣವೂ ತಾಮ್ರವೂ ನೀರಿನಲ್ಲಿ ಕರಗದ ಕೆಸರಾಗಿ ಬೇರ್ಪಟ್ಟಿರುತ್ತವೆ. ಮರುದಿನ ಮೇಲಿನ ನೀರು ತಿಳಿಯಾಗಿರಬೇಕು. ನೀಲಿ-ಹಸಿರು ಛಾಯೆ ಉಳಿದಿದ್ದರೆ ತಾಮ್ರ ಇನ್ನೂ ಅದರಲ್ಲಿದೆ. ಇನ್ನೊಂದು ದಾರಿ ಹತ್ತನೇ ತರಗತಿಯ ಪಾಠದ್ದೇ. ಯಾವ ಶಾಲೆಯ ಮಕ್ಕಳಿಗೂ ತಾಮ್ರದ ಸಲ್ಫೇಟಿನಲ್ಲಿ ಇಟ್ಟ ಕಬ್ಬಿಣದ ಮೊಳೆ ತಾಮ್ರದ ಬಣ್ಣ ಪಡೆಯುವ ಪ್ರಯೋಗ ಗೊತ್ತು. ಹಳೆಯ ದ್ರಾವಣದಲ್ಲಿ ಕಬ್ಬಿಣದ ಚೂರುಗಳನ್ನು ಹಾಕಿಟ್ಟರೂ ಆಗುವುದು ಅದೇ: ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಕೆಂಪು ಪುಡಿಯಾಗಿ ಹೊರಬರುತ್ತದೆ. ಆಮೇಲೆ ಸೋಡಾ ಹಾಕಿದರೆ ಕೆಸರಿನಲ್ಲಿ ತಾಮ್ರದ ಪಾಲು ಬಹಳ ಕಡಿಮೆ.

ಕೆಸರನ್ನು ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಡಬೇಕು. ಅದನ್ನು ಒಣಕಸದ ಬುಟ್ಟಿಗೆ ಹಾಕಬಾರದು. ಪುಣೆಯಲ್ಲಿ ಮನೆಮನೆಯ ಕಸ ಎತ್ತುವವರಲ್ಲಿ ಬಹಳಷ್ಟು ಮಂದಿ ಕಸ ಆಯುವವರ ಸಹಕಾರಿ ಸಂಘವಾದ ‘ಸ್ವಚ್ಛ್’ನ ಸದಸ್ಯರು, ಅವರು ಕಸವನ್ನು ಕೈಯಾರೆ ಬೇರ್ಪಡಿಸುತ್ತಾರೆ. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ ಕಸಗಳ ಜೊತೆಗೆ ಮನೆಯ ಅಪಾಯಕಾರಿ ತ್ಯಾಜ್ಯವನ್ನು ಮೂರನೆಯ ಬಗೆಯಾಗಿ ಗುರುತಿಸಿದ್ದವು. ಈ ಡಬ್ಬಿ ಸೇರಬೇಕಾದ್ದು ಅಂಥ ಅಪಾಯಕಾರಿ ತ್ಯಾಜ್ಯದ ಜೊತೆಗೆ. ವಿದ್ಯಾರ್ಥಿಗಳಾದರೆ ತಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ತ್ಯಾಜ್ಯದ ಜೊತೆ ಕಳುಹಿಸಲು ಕೇಳಿಕೊಳ್ಳಬಹುದು. ದೀಪ ಮಿನುಗಿದಾಗ ಬೋರ್ಡ್ ಸಿದ್ಧವಾಯಿತು. ಈ ಡಬ್ಬಿ ಸರಿಯಾದ ಕೈ ಸೇರಿದಾಗಲೇ ಎಚಿಂಗ್ ಕೆಲಸ ಮುಗಿದಂತೆ.